ಪರಿಷೆ ಮುಗಿದ ಮೇಲೆ ಶುರು ಮಾಡಿ: ಹಳೇ ಬೆಂಗಳೂರಿನ ಮನೆ ರಿಪೇರಿಗೆ ಮೊದಲ ಸಲ ಕೈ ಹಾಕೋರಿಗೆ ಕೈಪಿಡಿ

ಗಾಂಧಿನಗರ: ಗಾಂಧಿನಗರ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಕಡೆ ಒಂದು ಹಳೇ ಅಭ್ಯಾಸ ಇದೆ. ಗೌರಿ-ಗಣೇಶ ಹಬ್ಬಕ್ಕೋ ದಸರಾಕ್ಕೋ ಮುಂಚೆ ಮನೆಗೆ ಬಣ್ಣ ಹೊಡೆಸೋದು. ಹಬ್ಬದ ದಿನ ಮನೆ ಲಕಲಕ ಅನ್ನುತ್ತೆ. ಸಂಕ್ರಾಂತಿ ಹೊತ್ತಿಗೆ ಅದೇ ಗೋಡೆ ಅಲ್ಲಲ್ಲಿ ಉಬ್ಬಿ, ಹಪ್ಪಳದ ಥರ ಉದುರೋಕೆ ಶುರುವಾಗುತ್ತೆ. ಬೈಗುಳ ಬೀಳೋದು ಪೇಂಟ್ ಕಂಪನಿಗೆ, ಇಲ್ಲಾಂದ್ರೆ ಪೇಂಟರ್‌ಗೆ.

ಬಹಳಷ್ಟು ಸಲ ತಪ್ಪು ಇಬ್ಬರದ್ದೂ ಅಲ್ಲ, ತಿಂಗಳಿನದ್ದು. ಬೆಂಗಳೂರಿನಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗೋಡೆ ಒಳಗೆ ನೀರು ಕುಡಿದು ಕೂತಿರೋ ಹೊತ್ತಲ್ಲೇ ಅದರ ಮೇಲೆ ಬಣ್ಣ ಬಳಿದರೆ, ಒಣಗುವಾಗ ನೀರು ಆ ಬಣ್ಣವನ್ನೇ ತಳ್ಳಿಕೊಂಡು ಹೊರಗೆ ಬರುತ್ತೆ.

ಅದಕ್ಕೇ ಈ ಭಾಗದವರು ನೆನಪಿಟ್ಟುಕೊಳ್ಳೋಕೆ ಸುಲಭವಾದ ಲೆಕ್ಕ ಒಂದಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮೇಲೆ ಕೆಲಸ ಶುರು, ಯುಗಾದಿ ಹೊತ್ತಿಗೆ ಮುಗಿಸೋದು. ಕಾರ್ತಿಕ ಮಾಸದ ಕೊನೇ ಸೋಮವಾರದ ಪರಿಷೆ ಕಳೆದರೆ ಮಳೆ ಹೆಚ್ಚುಕಡಿಮೆ ಹಿಂದೆ ಸರಿದಿರುತ್ತೆ. ಏಪ್ರಿಲ್‌ನಲ್ಲಿ ಮತ್ತೆ ಗುಡುಗು ಮಳೆ ಶುರು. ನಡುವಿನ ಮೂರು-ನಾಲ್ಕು ತಿಂಗಳೇ ಮನೆ ಕೆಲಸದ ಸೀಸನ್.

ನಿಮ್ಮ ಮನೆ ಯಾವ ಕಾಲದ್ದು? ಮೊದಲು ಇದು ಗೊತ್ತಿರಲಿ

ಚಾಮರಾಜಪೇಟೆ ಬಡಾವಣೆ ಆಗಿದ್ದು 1892ರಲ್ಲಿ. 1898ರಲ್ಲಿ ಊರಿಗೆ ಪ್ಲೇಗ್ ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿ-ಬೆಳಕಿನ ಜಾಗಕ್ಕೆ ಕರೆತರೋಕೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಹಾಗಾಗಿ ಈ ಏರಿಯಾದಲ್ಲಿ ಇನ್ನೂ ನಿಂತಿರೋ ಎಷ್ಟೋ ಮನೆಗಳು ಸಿಮೆಂಟ್ ಕಾಲಕ್ಕಿಂತ ಹಿಂದಿನವು. ಪಕ್ಕದಲ್ಲೇ 1980ರ ಆರ್‌ಸಿಸಿ ಮನೆ, ಅದರ ಪಕ್ಕ ಹೊಸ ಅಪಾರ್ಟ್‌ಮೆಂಟ್. ಒಂದೇ ಬೀದಿಯಲ್ಲಿ ಮೂರು ಥರದ ಮನೆ, ಮೂರಕ್ಕೂ ಬೇರೆ ಬೇರೆ ಔಷಧಿ.

ಗುರುತಿಸೋದು ಹೀಗೆ. ಗೋಡೆ ಒಂದೂವರೆ ಅಡಿ ದಪ್ಪ ಇದ್ದು, ಮೊಳೆ ಹೊಡೆದರೆ ಬಿಳಿ ಪುಡಿ ಪುಡಿಯಾಗಿ ಉದುರಿದರೆ ಅದು ಸುಣ್ಣದ ಗಾರೆ. ಸೂರಿನಲ್ಲಿ ಮರದ ತೊಲೆಗಳು ಸಾಲಾಗಿದ್ದು, ಅವುಗಳ ನಡುವೆ ಅಡ್ಡಡ್ಡ ನಿಲ್ಲಿಸಿದ ಇಟ್ಟಿಗೆ ಕಂಡರೆ ಅದು ಮದ್ರಾಸ್ ತಾರಸಿ. ಇಳಿಜಾರು ಸೂರಿಗೆ ಮಂಗಳೂರು ಹೆಂಚು ಇದ್ದರೆ ಅದು ಗೊತ್ತೇ ಆಗುತ್ತೆ. ಗೋಡೆಯಿಂದ ಬೂದು ಬಣ್ಣದ ಗಟ್ಟಿ ಪುಡಿ ಬಂದರೆ ಸಿಮೆಂಟ್.

ಇದು ಯಾಕೆ ಮುಖ್ಯ ಅಂದ್ರೆ, ಸುಣ್ಣದ ಗೋಡೆ ಉಸಿರಾಡುತ್ತೆ. ಮಳೆಗಾಲದಲ್ಲಿ ಒಂದಿಷ್ಟು ತೇವ ಹೀರಿಕೊಂಡು, ಬಿಸಿಲು ಬಂದಾಗ ಹೊರಗೆ ಬಿಡುತ್ತೆ. ಅದರ ಮೇಲೆ ಗಟ್ಟಿ ಸಿಮೆಂಟ್ ಗಿಲಾವು ಮಾಡಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ. ಮೇಲ್ನೋಟಕ್ಕೆ ಗೋಡೆ ಗಟ್ಟಿ, ಒಳಗೆ ಇಟ್ಟಿಗೆ ಕರಗ್ತಾ ಇರುತ್ತೆ, ತೊಲೆಯ ತುದಿ ಕೊಳೀತಾ ಇರುತ್ತೆ. ನೂರು ವರ್ಷ ನಿಂತ ಮನೆ ‘ರಿಪೇರಿ’ ಆದ ಹತ್ತು-ಹದಿನೈದು ವರ್ಷಕ್ಕೆ ಕೆಡವೋ ಸ್ಥಿತಿಗೆ ಬರೋಕೆ ಇದೂ ಒಂದು ಕಾರಣ. ಹಳೇ ಗೋಡೆಯಲ್ಲಿ ಗಾರೆ ಉದುರಿದ್ದರೆ ಮೇಸ್ತ್ರಿಗೆ ಸುಣ್ಣ-ಮರಳಿನ ಗಾರೆಯಲ್ಲೇ ತುಂಬಿಸೋಕೆ ಹೇಳಿ. ಅದು ಗಟ್ಟಿಯಾಗೋಕೆ ದಿನ ಹಿಡಿಯುತ್ತೆ, ಅವಸರ ಮಾಡಬಾರದು.

ಮೊದಲ ಭಾನುವಾರ: ಬರೀ ನೋಡೋದು

ಹೊಸಬರು ಮಾಡೋ ಮೊದಲ ತಪ್ಪು, ಸೀದಾ ಅಂಗಡಿಗೆ ಹೋಗಿ ಡ್ರಿಲ್ ಮಷೀನ್ ತರೋದು. ಮೊದಲ ವಾರ ಒಂದು ನೋಟ್‌ಬುಕ್, ಟಾರ್ಚ್, ಟೇಪು ಸಾಕು. ಮನೆ ಪೂರ್ತಿ ಸುತ್ತಿ ಬರೆದುಕೊಳ್ಳಿ:

- ಯಾವ ನಲ್ಲಿ ತೊಟ್ಟಿಕ್ಕುತ್ತೆ, ಯಾವ ಗೇಟ್ ವಾಲ್ವ್ ತಿರುಗಲ್ಲ
- ಗೋಡೆಯಲ್ಲಿ ತೇವ ಎಲ್ಲಿದೆ, ನೆಲದಿಂದ ಎಷ್ಟು ಎತ್ತರಕ್ಕಿದೆ
- ಬಿರುಕು ಎಲ್ಲಿದೆ, ಎಷ್ಟು ಅಗಲ
- ಬಿಸಿಯಾಗೋ ಸ್ವಿಚ್, ಸುಟ್ಟ ವಾಸನೆ ಬರೋ ಪ್ಲಗ್
- ಮಳೆಗಾಲದಲ್ಲಿ ಬಿಗಿಯಾಗೋ ಬಾಗಿಲು
- ತಾರಸಿಯಲ್ಲಿ ನೀರು ನಿಲ್ಲೋ ಜಾಗ

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ತಿಂಗಳಾದ ಮೇಲೆ ಗುರುತು ದಾಟಿ ಬೆಳೆದಿದ್ದರೆ ಪುಟ್ಟಿ ಹಚ್ಚಿ ಮುಚ್ಚಬೇಡಿ, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಕೂದಲೆಳೆ ಬಿರುಕು ಹಾಗೇ ಇದ್ದರೆ ಅದು ಗಿಲಾವಿನದ್ದು, ಹೆದರೋದು ಬೇಡ.

ನೀರಿನ ಮೀಟರ್‌ಗೂ ಒಂದು ಪರೀಕ್ಷೆ ಇದೆ. ನೀರು ಬಿಡೋ ಹೊತ್ತಲ್ಲಿ ಮನೆಯ ಎಲ್ಲಾ ನಲ್ಲಿ, ಸಂಪಿಗೆ ಹೋಗೋ ವಾಲ್ವ್ ಬಂದ್ ಮಾಡಿ ಮೀಟರ್ ನೋಡಿ. ಆಗಲೂ ಓಡ್ತಾ ಇದ್ದರೆ ಮೀಟರ್‌ನಿಂದ ಈಚೆಗೆ ಎಲ್ಲೋ ಪೈಪ್ ಸೋರುತ್ತಿದೆ.

ಕೈ ಹಾಕಬಹುದಾದ್ದು, ಹಾಕಬಾರದ್ದು

ಹೊಸಬರು ಧೈರ್ಯವಾಗಿ ಮಾಡಬಹುದಾದ್ದು: ನಲ್ಲಿ ವಾಷರ್, ಬಾಗಿಲ ತಿರುಗಣಿಗೆ ಎಣ್ಣೆ, ಚಿಲಕ ಬದಲಾಯಿಸೋದು, ಶೆಲ್ಫ್ ಮತ್ತು ಕರ್ಟನ್ ರಾಡ್ ಹಾಕೋದು, ಒಳಗೋಡೆಗೆ ಬಣ್ಣ, ತಾರಸಿ ನೀರಿನ ದಾರಿ ಕ್ಲೀನ್ ಮಾಡೋದು.

ಮುಟ್ಟಲೇಬಾರದ್ದು: ಕರೆಂಟ್ ಮೀಟರ್ ಮತ್ತು ಅದರ ಸೀಲ್, ಭಾರ ಹೊತ್ತ ಗೋಡೆ, ತೊಲೆ, ಗ್ಯಾಸ್ ಲೈನ್, ಎರಡನೇ ಮಹಡಿಯ ಹೊರಗೋಡೆ. ಪೇಟೆ ಕಡೆಯ ಮನೆಗಳಲ್ಲಿ ಪಕ್ಕದವರ ಜತೆ ಗೋಡೆ ಒಂದೇ ಆಗಿರುತ್ತೆ. ಅದನ್ನು ಕೊರೆಯೋ ಮುಂಚೆ ಅವರ ಬಾಗಿಲು ತಟ್ಟಿ ಹೇಳೋದು ಮರ್ಯಾದೆಯೂ ಹೌದು, ಕ್ಷೇಮವೂ ಹೌದು. ಸುಣ್ಣ-ಬಣ್ಣಕ್ಕೆ ಯಾರ ಪರವಾನಗಿಯೂ ಬೇಡ. ಗೋಡೆ ಒಡೆದು ಕೋಣೆ ದೊಡ್ಡದು ಮಾಡೋದು, ಮೇಲೆ ರೂಮ್ ಕಟ್ಟೋದು ಅಂದ್ರೆ ಪಾಲಿಕೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಹಳೇ ಮನೆಗಳ ಹಿತ್ತಲಲ್ಲಿ, ಬಚ್ಚಲ ಮೇಲೆ ಆಸ್ಬೆಸ್ಟಾಸ್ ಶೀಟ್ ಇರೋದು ಸಾಮಾನ್ಯ. ಅದನ್ನು ಕೊರೆಯೋದು, ಗರಗಸದಲ್ಲಿ ಕತ್ತರಿಸೋದು ಬೇಡವೇ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷ ಆದ ಮೇಲೆ ಕಾಯಿಲೆ ತರುತ್ತೆ. ಅದರ ಮೇಲೆ ಹತ್ತೋದೂ ಅಪಾಯ, ಕಾಲಿಟ್ಟರೆ ಮುರಿಯುತ್ತೆ.

ಸಾಮಾನು ಏನು, ಎಲ್ಲಿ ಸಿಗುತ್ತೆ

ಈ ವಿಷಯದಲ್ಲಿ ಗಾಂಧಿನಗರದವರು ಪುಣ್ಯವಂತರು. ಇಡೀ ಕರ್ನಾಟಕದ ಅಂಗಡಿಯವರು ಮಾಲು ಕೊಳ್ಳೋಕೆ ಬರೋ ಜಾಗ ಮನೆ ಹಿಂದೆಯೇ ಇದೆ. ವೈರ್, ಸ್ವಿಚ್, ಲೈಟ್‌ಗೆ ಚಿಕ್ಕಪೇಟೆ ಹತ್ತಿರದ ಬಿವಿಕೆ ಅಯ್ಯಂಗಾರ್ ರಸ್ತೆ. ಎಲೆಕ್ಟ್ರಾನಿಕ್ಸ್‌ಗೆ ಎಸ್.ಪಿ. ರಸ್ತೆ. ಟೂಲ್ಸ್, ಹಾರ್ಡ್‌ವೇರ್‌ಗೆ ಎಸ್‌ಜೆಪಿ ರಸ್ತೆ. ಗಾಡಿ ಪಾರ್ಕಿಂಗ್‌ಗೆ ಒದ್ದಾಡೋದಕ್ಕಿಂತ ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದರೆ ಆರಾಮ. ಭಾನುವಾರ ಪೇಟೆಯಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ತಂದಿಟ್ಟುಕೊಳ್ಳಿ. ಒಂದೆರಡು ವಾಷರ್, ನಾಲ್ಕು ಸ್ಕ್ರೂ ಬೇಕಿದ್ದರೆ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯೇ ವಾಸಿ. ಹಳೇ ಪೀಸ್ ಕೈಯಲ್ಲಿ ಹಿಡಿದು ಹೋಗಿ ತೋರಿಸಿದರೆ ಅಳತೆ ತಪ್ಪಲ್ಲ.

ಮೊದಲ ಪೆಟ್ಟಿಗೆಗೆ ಇಷ್ಟು ಸಾಕು: ಸುತ್ತಿಗೆ, ಎರಡು ಥರ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಅಡ್ಜಸ್ಟಬಲ್ ಸ್ಪ್ಯಾನರ್, ಟೇಪು, ರಸಮಟ್ಟ, ಟೆಸ್ಟರ್, ಪುಟ್ಟಿ ಬ್ಲೇಡ್, ಉಪ್ಪುಕಾಗದ, ಟೆಫ್ಲಾನ್ ಟೇಪ್, ಕನ್ನಡಕ, ಮಾಸ್ಕ್. ಡ್ರಿಲ್ ಮಷೀನ್ ಆಮೇಲೆ ನೋಡೋಣ. ವರ್ಷಕ್ಕೆ ಎರಡು ಸಲ ಬಳಸೋದಾದರೆ ಪರಿಚಯದವರಿಂದ ತರೋದೇ ಸರಿ. ಟೂಲ್ಸ್‌ಗೆ ಆಯುಧಪೂಜೆ ದಿನ ಕುಂಕುಮ ಇಟ್ಟರೆ ಸಾಲದು, ಕೆಲಸ ಮುಗಿದ ದಿನವೂ ಒರೆಸಿ ಎಣ್ಣೆ ಕಾಣಿಸಬೇಕು.

ಮೊದಲ ಕೆಲಸ: ತೊಟ್ಟಿಕ್ಕೋ ನಲ್ಲಿ

ಇದರಿಂದ ಶುರು ಮಾಡಿದರೆ ಖರ್ಚು ಕಡಿಮೆ, ಅಪಾಯ ಇಲ್ಲ, ಫಲ ಅವತ್ತೇ ಕಾಣುತ್ತೆ. ಮೊದಲು ಒಂದು ಗಂಟೆ ಕೆಳಗೆ ಮಗ್ ಇಡಿ. ಅರ್ಧ ಲೀಟರ್ ತುಂಬಿದರೆ ದಿನಕ್ಕೆ 12 ಲೀಟರ್, ತಿಂಗಳಿಗೆ 360 ಲೀಟರ್ ಆಯ್ತು. ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ಪಂಪ್ ಮಾಡಿ ತಂದ ನೀರು ಅದು.

1. ಆ ನಲ್ಲಿಗೆ ಹೋಗೋ ವಾಲ್ವ್ ಬಂದ್ ಮಾಡಿ. ಪ್ರತ್ಯೇಕ ವಾಲ್ವ್ ಇಲ್ಲದಿದ್ದರೆ ತಾರಸಿ ಟ್ಯಾಂಕಿನ ಗೇಟ್ ವಾಲ್ವ್.
2. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ. ತೂತಿಗೆ ಬಟ್ಟೆ ತುರುಕಿ, ಸ್ಕ್ರೂ ಬಿದ್ದರೆ ಒಳಗೆ ಹೋಗಬಾರದು.
3. ಹಿಡಿ ಬಿಚ್ಚಿ, ಸ್ಪ್ಯಾನರ್‌ನಲ್ಲಿ ಒಳಗಿನ ಸ್ಪಿಂಡಲ್ ತೆಗೆಯಿರಿ.
4. ತುದಿಯ ರಬ್ಬರ್ ವಾಷರ್ ತಿಂದುಹೋಗಿದ್ದರೆ ಅದೇ ಅಳತೆಯದ್ದು ಹಾಕಿ. ಅರ್ಧ ಸುತ್ತಿಗೇ ತೆರೆಯೋ ಹೊಸ ಥರದ ನಲ್ಲಿಯಾದರೆ ವಾಷರ್ ಇರಲ್ಲ, ಕಾರ್ಟ್ರಿಜ್ ಪೂರ್ತಿ ಬದಲಾಯಿಸಬೇಕು.
5. ವಾಪಸ್ ಬಿಗಿ ಮಾಡಿ. ಜೋರು ಮಾಡಿದರೆ ಥ್ರೆಡ್ ಹಾಳು.

ಹಳೇ ಜಿಐ ಪೈಪ್ ಇದ್ದರೆ ನಲ್ಲಿಯನ್ನೇ ಪೂರ್ತಿ ತಿರುಗಿಸಿ ತೆಗೆಯೋಕೆ ಹೋಗಬೇಡಿ. ತುಕ್ಕು ಹಿಡಿದ ಪೈಪ್ ಗೋಡೆ ಒಳಗೇ ಮುರಿದರೆ, ವಾಷರ್ ಕೆಲಸ ಗೋಡೆ ಒಡೆಯೋ ಕೆಲಸ ಆಗುತ್ತೆ. ಅದಕ್ಕೆ ಪ್ಲಂಬರ್ ಇರಲಿ. ಬೀದಿಯ ಪೈಪ್‌ನಲ್ಲಿ ಸೋರಿಕೆ ಇದ್ದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ.

ಎರಡನೇ ಕೆಲಸ: ಗೋಡೆಗೆ ತೂತು

ಸ್ವಿಚ್‌ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ವೈರ್ ಹೋಗಿರೋದು ಅಲ್ಲೇ. ನಲ್ಲಿಯ ನೇರ ಮೇಲೆ ಕೆಳಗೂ ಬೇಡ, ಪೈಪ್ ಇರುತ್ತೆ. ಚಿಕ್ಕ ಫೋಟೋಗೆ 6 ಎಂಎಂ ಬಿಟ್, ಅದೇ ಅಳತೆಯ ಪ್ಲಗ್. ಶೆಲ್ಫ್ ಥರದ ಭಾರಕ್ಕೆ 8 ಎಂಎಂ. ಬಿಟ್‌ಗೆ ಪ್ಲಗ್‌ನಷ್ಟು ಉದ್ದಕ್ಕೆ ಟೇಪ್ ಸುತ್ತಿದರೆ ಎಷ್ಟು ಆಳ ಅನ್ನೋದು ತಪ್ಪಲ್ಲ.

ಸುಣ್ಣದ ಗೋಡೆಯಲ್ಲಿ ಮೊದಲೇ ಹ್ಯಾಮರ್ ಮೋಡ್ ಹಾಕಬೇಡಿ. ಅಂಗೈಯಷ್ಟು ಗಾರೆ ಕಳಚಿ ಬರುತ್ತೆ. ನಿಧಾನವಾಗಿ ಕೊರೆಯಿರಿ. ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು ಅಂತ ಅರ್ಥ, ಅಲ್ಲಿ ಪ್ಲಗ್ ನಿಲ್ಲುತ್ತೆ. ಬಿಳಿ ಪುಡಿಯೇ ಬರ್ತಾ ಇದ್ದರೆ ಸಂದಿಗೆ ಹೋಗ್ತಿದ್ದೀರಿ, ಒಂದೆರಡು ಇಂಚು ಪಕ್ಕಕ್ಕೆ ಸರಿಯಿರಿ.

ಮೂರನೇ ಕೆಲಸ: ತೇವ, ಆಮೇಲೆ ಬಣ್ಣ

ಬಣ್ಣಕ್ಕಿಂತ ಮೊದಲು ತೇವದ ಮೂಲ ಹಿಡಿಯಬೇಕು. ನೆಲದಿಂದ ಮೂರಡಿ ತನಕ ಮಾತ್ರ ಬಿಳಿ ಉಪ್ಪು ಹೂವಿನಂತೆ ಅರಳಿದ್ದರೆ ತೇವ ಅಡಿಪಾಯದಿಂದ ಏರ್ತಿದೆ. ಸೂರಿನ ಅಂಚಿನಲ್ಲಿ ಕಂದು ಕಲೆ ಇದ್ದರೆ ತಾರಸಿಯಿಂದ. ಬಚ್ಚಲ ಆಚೆಗಿನ ಗೋಡೆಯಲ್ಲಿ ಬೇಸಿಗೆಯಲ್ಲೂ ಒದ್ದೆ ಇದ್ದರೆ ಪೈಪ್‌ನಿಂದ. ಅನುಮಾನ ಇದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಹನಿ ಕಂಡರೆ ತೇವ ಗೋಡೆಯದ್ದು. ಮುಂಬದಿ ಕಂಡರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆದರೆ ಅರ್ಧ ಸಮಸ್ಯೆ ಮುಗೀತು.

ಹಳೇ ಬಣ್ಣ ಕೆರೆಯುವಾಗ ಎಚ್ಚರ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣ, ಅದರಲ್ಲೂ ಕಿಟಕಿ-ಬಾಗಿಲಿನ ಎನಾಮಲ್‌ನಲ್ಲಿ ಸೀಸ ಇರಬಹುದು. ಅದು ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತೆ. ಸೀಸದ ವಿಷದ ಬಗ್ಗೆ ದೇಶಕ್ಕೆ ಎಚ್ಚರಿಕೆ ಕೊಟ್ಟವರಲ್ಲಿ ಬೆಂಗಳೂರಿನವರೇ ಆದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ಹಾಗಾಗಿ ಒಣದಾಗಿ ಉಜ್ಜಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜಿ. ಮಕ್ಕಳು, ಬಸುರಿಯರು ಆ ದಿನ ಮನೆಯಲ್ಲಿ ಇರೋದು ಬೇಡ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬಣ್ಣ ಎಷ್ಟು ಬೇಕು? 10x12 ಅಡಿ ಕೋಣೆ, 12 ಅಡಿ ಎತ್ತರ ಅಂತಿಟ್ಟುಕೊಳ್ಳಿ. ನಾಲ್ಕು ಗೋಡೆ ಸೇರಿ ಸುತ್ತಳತೆ 44 ಅಡಿ. 44x12 ಅಂದ್ರೆ 528 ಚದರಡಿ. ಬಾಗಿಲು 21, ಕಿಟಕಿ 16 ಕಳೆದರೆ 491. ಎರಡು ಕೋಟ್‌ಗೆ ಲೀಟರ್‌ಗೆ ಎಷ್ಟು ಚದರಡಿ ಬರುತ್ತೆ ಅಂತ ಡಬ್ಬದ ಮೇಲೋ ಕಂಪನಿ ಚೀಟಿಯಲ್ಲೋ ನೋಡಿ. 60 ಅಂತಿದ್ದರೆ 491 ಭಾಗ 60, ಸುಮಾರು 8.2 ಲೀಟರ್. 4 ಲೀಟರಿನದ್ದು ಎರಡು, 1 ಲೀಟರಿನದ್ದು ಒಂದು ಸಾಕು. ಈ ಲೆಕ್ಕ ಕೈಯಲ್ಲಿದ್ದರೆ ಯಾರೂ 20 ಲೀಟರ್ ಡ್ರಮ್ ತರಿಸೋಕೆ ಆಗಲ್ಲ.

ಸುಣ್ಣದ ಗೋಡೆಗೆ ಸುಣ್ಣದ ಬಣ್ಣವೇ ಹೊಂದುತ್ತೆ. ಪ್ಲಾಸ್ಟಿಕ್ ಎಮಲ್ಷನ್ ಹೊಳೆಯುತ್ತೆ ನಿಜ, ಆದ್ರೆ ಉಸಿರುಕಟ್ಟಿಸುತ್ತೆ.

ಕರೆಂಟ್: ಇಲ್ಲಿ ಕಲಿಕೆಗೆ ಎರಡನೇ ಅವಕಾಶ ಇಲ್ಲ

ನಮ್ಮ ಮನೆಗಳಿಗೆ ಬರೋದು 230 ವೋಲ್ಟ್. ಒದ್ದೆ ಗೋಡೆ, ಹಳೇ ವೈರ್, ಬರಿಗಾಲು ಸೇರಿದರೆ ಜೀವಕ್ಕೇ ಕುತ್ತು. ಮರದ ಪಟ್ಟಿ ಮೇಲೆ ಹೋಗಿರೋ ಹಳೇ ಬ್ಯಾಟನ್ ವೈರಿಂಗ್ ಇದ್ದರೆ, ಅದನ್ನು ಕಟ್ಟಿದ ಕಾಲಕ್ಕೆ ಮನೇಲಿ ನಾಲ್ಕು ಬಲ್ಬು, ಒಂದು ರೇಡಿಯೋ ಇತ್ತು. ಈಗ ಅದೇ ಲೈನ್‌ಗೆ ಗೀಸರ್, ಮಿಕ್ಸಿ, ಫ್ರಿಜ್, ಇಂಡಕ್ಷನ್ ಒಲೆ. ಬೇರೆ ಯಾವ ಕೆಲಸಕ್ಕಿಂತ ಮೊದಲು ಇದಕ್ಕೆ ದುಡ್ಡು ಎತ್ತಿಡಿ.

ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೆ ಮೂರು ವಿಷಯ ಕೇಳಿ. ಅರ್ಥಿಂಗ್ ಸರಿ ಇದೆಯಾ? 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ? ಗೀಸರ್‌ಗೆ ಬೇರೆ ಲೈನ್, ಬೇರೆ ಎಂಸಿಬಿ ಇದೆಯಾ? ಎಂಸಿಬಿ ವೈರ್ ಸುಡದಂತೆ ಕಾಯುತ್ತೆ, ಮನುಷ್ಯರನ್ನು ಕಾಯೋದು ಆರ್‌ಸಿಸಿಬಿ. ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ, ತಕ್ಷಣ ಟ್ರಿಪ್ ಆಗಬೇಕು.

ನೀವಾಗಿ ಬಲ್ಬ್ ಹೋಲ್ಡರ್ ಬದಲಾಯಿಸೋದಾದರೂ ಸ್ವಿಚ್ ಆಫ್ ಸಾಲದು, ಮೇನ್ ಇಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರೋ ಉದಾಹರಣೆ ಉಂಟು. ಆಫ್ ಇದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತೆ. ಟೆಸ್ಟರ್‌ನ ಮೊದಲು ಗೊತ್ತಿರೋ ಪ್ಲಗ್‌ನಲ್ಲಿ ಹಚ್ಚಿ ನೋಡಿ, ಆಮೇಲೆ ನಂಬಿ. ಬೀದಿ ಲೈನ್, ಕಂಬದ ತೊಂದರೆಗೆ ಬೆಸ್ಕಾಂ 1912.

ತಾರಸಿ: ಮಳೆಗೆ ಮುಂಚೆ ಒಂದು ಸಲ ಹತ್ತಿ

ತಾರಸಿಯ ಪೀಡೆ ಬಹಳಷ್ಟು ಸಲ ಎಲೆಯಿಂದ ಶುರು. ಕೊಳವೆ ಬಾಯಿಗೆ ಎಲೆ ಕಟ್ಟಿ ನೀರು ನಿಂತರೆ ಎಲ್ಲೋ ಒಂದು ಕಡೆ ಇಳಿದೇ ಇಳಿಯುತ್ತೆ. ಪ್ಯಾರಪೆಟ್ ಸಂದಿಯಲ್ಲಿ ಅರಳಿ, ಆಲದ ಸಸಿ ಕಂಡರೆ ಬೆರಳುದ್ದ ಇರುವಾಗಲೇ ಬೇರು ಸಮೇತ ಕೀಳಿ. ಒಂದೆರಡು ಮಳೆಗಾಲ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತೆ. ಆಮೇಲೆ ಮೇಲಿನ ಕೊಂಬೆ ಕಡಿದರೆ ಪ್ರಯೋಜನ ಇಲ್ಲ.

ಮದ್ರಾಸ್ ತಾರಸಿ ಮೇಲೆ ಹೊಸ ನೀರಿನ ಟ್ಯಾಂಕ್ ಇಡೋ ಮುಂಚೆ ಹತ್ತು ಸಲ ಯೋಚಿಸಿ. 1,000 ಲೀಟರ್ ನೀರು ಅಂದ್ರೆ 1,000 ಕೆ.ಜಿ. ಆ ತೊಲೆಗಳನ್ನು ಹಾಕಿದ ಕಾಲಕ್ಕೆ ಮನೆ ಮೇಲೆ ಟ್ಯಾಂಕ್ ಇಡೋ ಲೆಕ್ಕವೇ ಇರಲಿಲ್ಲ. ಗೋಡೆಯ ನೇರಕ್ಕೆ ಇಡಬೇಕೋ, ಕೆಳಗೆ ಸಂಪ್ ಇರಬೇಕೋ ಅಂತ ಇಂಜಿನಿಯರ್ ಹೇಳಲಿ. ಸೋರುತ್ತೆ ಅಂತ ಮೇಲೆ ಮತ್ತೊಂದು ಪದರ ಸಿಮೆಂಟ್ ಕಾಂಕ್ರೀಟ್ ಸುರಿಯೋದೂ ಅಷ್ಟೇ ಅಪಾಯ. ಭಾರ ಕೂಡುತ್ತೆ, ಸೋರಿಕೆ ಮುಚ್ಚಿಹೋಗುತ್ತೆ, ತೊಲೆ ಕೊಳೆಯೋದು ಮಾತ್ರ ನಿಲ್ಲಲ್ಲ. ಹೆಂಚಿನ ಮನೆಯಾದರೆ ಒಂಟಿಯಾಗಿ ಹತ್ತಬೇಡಿ. ಹೆಂಚಿನ ನಡುವೆ ಕಾಲಿಡದೆ, ಕೆಳಗೆ ಮರದ ಆಸರೆ ಇರೋ ಕಡೆ ಹಲಗೆ ಹಾಸಿ ನಡೆಯಬೇಕು.

ತಾರಸಿ ಸರಿಯಾದ ಮೇಲೆ ಮಳೆನೀರು ಹಿಡಿಯೋ ಯೋಚನೆ ಮಾಡಬಹುದು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. 1,200 ಚದರಡಿ ಸೂರಿನ ಮೇಲೆ ಬೀಳೋ ನೀರು ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್. ಹೇಗೆ ಮಾಡೋದು ಅಂತ ಕಣ್ಣಾರೆ ನೋಡೋಕೆ ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ಕೆಂಪು ನೆಲ ಒಡೆಯಬೇಡಿ

ರೆಡ್ ಆಕ್ಸೈಡ್ ನೆಲ ಮಂಕಾಗಿದೆ ಅಂತ ಅದರ ಮೇಲೆ ಟೈಲ್ಸ್ ಹಾಕಿಸೋರು ಬಹಳ ಜನ. ಬೇಸಿಗೆಯಲ್ಲಿ ಅಷ್ಟು ತಂಪು ಕೊಡೋ ನೆಲ ಮತ್ತೆ ಸಿಗೋದು ಕಷ್ಟ, ಆ ಕೆಲಸ ಬಲ್ಲ ಗಾರೆಯವರೂ ಕಡಿಮೆ ಆಗ್ತಿದ್ದಾರೆ. ಬಚ್ಚಲು ತೊಳೆಯೋ ಆಸಿಡ್ ಮಾತ್ರ ಸೋಕಿಸಬೇಡಿ. ತೆಳು ಸೋಪು ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಬಟ್ಟೆಯಲ್ಲಿ ಚೂರೇ ಚೂರು ಕೊಬ್ಬರಿ ಎಣ್ಣೆ ಅಥವಾ ಮೇಣದ ಪಾಲಿಶ್ ಹಾಕಿ ಉಜ್ಜಿ. ಎಣ್ಣೆ ಜಾಸ್ತಿ ಆದರೆ ಮನೇಲಿ ವಯಸ್ಸಾದವರು ಜಾರ್ತಾರೆ.

ಮೇಸ್ತ್ರಿ ಕರೆಸುವಾಗ

ಬಾಯಿಮಾತಿನ ಎಸ್ಟಿಮೇಟ್ ಜಗಳದ ಬೀಜ. ಒಂದು ಹಾಳೆಯಲ್ಲಿ ಬರೆಯಿರಿ: ಏನು ಕೆಲಸ, ಎಷ್ಟು ಚದರಡಿ, ಮೆಟೀರಿಯಲ್ ಯಾರದ್ದು, ಯಾವ ಬ್ರ್ಯಾಂಡ್, ಎಷ್ಟು ದಿನ, ಕಸ ಸಾಗಿಸೋದು ಯಾರು. ಇಬ್ಬರೂ ಸಹಿ ಹಾಕಿ. ಕನಿಷ್ಠ ಮೂವರನ್ನು ಕೇಳಿ. ಅಡ್ವಾನ್ಸ್ ಪೂರ್ತಿ ಕೊಡಬೇಡಿ, ಕೆಲಸ ಮುಗಿದಂತೆ ಕಂತಿನಲ್ಲಿ ಕೊಡಿ. ತಾರಸಿ ಕೆಲಸವಾದರೆ ಕೊನೇ ಕಂತು ಒಂದು ಮಳೆ ಆದ ಮೇಲೆ ಅಂತ ಮೊದಲೇ ಮಾತಾಡಿಕೊಳ್ಳಿ. ಹಾಗೇ ಸಾರ್ವೆ ಮೇಲೆ ನಿಂತು ಕೆಲಸ ಮಾಡೋರಿಗೆ ಹಗ್ಗ, ಬೆಲ್ಟ್, ಹೆಲ್ಮೆಟ್ ಇದೆಯಾ ನೋಡೋದೂ ಕೆಲಸ ಕೊಡೋರ ಜವಾಬ್ದಾರಿ. ಬಿದ್ದ ಮೇಲೆ ಲೆಕ್ಕ ಹಾಕೋಕೆ ಆಗಲ್ಲ.

ಬಾಡಿಗೆಯವರಾದರೆ ಮೊಳೆ ಹೊಡೆಯೋ ಮುಂಚೆಯೇ ಮಾಲೀಕರಿಗೆ ವಾಟ್ಸಾಪ್‌ನಲ್ಲಾದರೂ ಕೇಳಿ ಒಪ್ಪಿಗೆ ಪಡೆಯಿರಿ. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ನೆಲದ ಫೋಟೋ ತೆಗೆದಿಡಿ. ರಿಪೇರಿ ಖರ್ಚು ಬಾಡಿಗೆಯಲ್ಲಿ ಮುರಿದುಕೊಳ್ಳೋದಾದರೆ ಅದೂ ಬರಹದಲ್ಲಿರಲಿ. ಬಿಡುವಾಗ ಅಡ್ವಾನ್ಸ್ ವಾಪಸ್ ಪಡೆಯೋಕೆ ಇದೇ ಆಧಾರ.

ಒಡೆದ ಗಾರೆ, ಟೈಲ್ಸ್ ಚೂರನ್ನು ರಾತ್ರಿ ಹೊತ್ತು ಬೀದಿ ಮೂಲೆಗೋ ಮೋರಿಗೋ ಸುರಿಯೋರಿದ್ದಾರೆ. ಮಳೆ ಬಂದಾಗ ಅದೇ ಮೋರಿ ಕಟ್ಟಿ ನೀರು ನುಗ್ಗೋದು ಅದೇ ಬೀದಿಯ ಮನೆಗಳಿಗೆ. ಕಟ್ಟಡದ ಕಸವನ್ನು ಮನೆಕಸದ ಜತೆ ಸೇರಿಸದೆ ಮೂಟೆ ಕಟ್ಟಿ, ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಕೇಳಿ ಸಾಗಿಸಬೇಕು.

ಒಂದು ವರ್ಷದ ಪ್ಲಾನ್

ಪರಿಷೆಗೆ ಮುಂಚೆ: ಮನೆ ಸುತ್ತಿ ಪಟ್ಟಿ ಮಾಡೋದು. ಡಿಸೆಂಬರ್: ನಲ್ಲಿ, ಪೈಪ್, ಕರೆಂಟ್. ಜನವರಿ: ತಾರಸಿ, ಹೆಂಚು. ಫೆಬ್ರವರಿ: ಗಾರೆ ಕೆಲಸ, ಒಣಗೋಕೆ ಬಿಡೋದು. ಮಾರ್ಚ್: ಬಣ್ಣ. ಮೇ: ತಾರಸಿ ಕೊಳವೆ ಮತ್ತೊಮ್ಮೆ ಕ್ಲೀನ್. ಸೆಪ್ಟೆಂಬರ್: ಏನೂ ಮಾಡದೆ, ಎಲ್ಲೆಲ್ಲಿ ಸೋರುತ್ತೆ ಅಂತ ನೋಡಿ ನೋಟ್‌ಬುಕ್‌ನಲ್ಲಿ ಬರೆಯೋದು.

ಈ ಸಲದ ಹಬ್ಬಕ್ಕೆ ಗೋಡೆ ಹಾಗೇ ಇರಲಿ, ತೋರಣ ಕಟ್ಟಿದರೆ ಮನೆ ಚೆಂದವೇ ಕಾಣುತ್ತೆ. ಬಣ್ಣ ಯುಗಾದಿಗೆ ಹೊಡೆದರಾಯ್ತು.